ಓದುವ ಹಂಬಲ ಮತ್ತು ‘ಚಂದ್ರಗಿರಿಯ ತೀರದಲ್ಲಿ’

ಶ್ರೀಮತಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ತಲಾಖಿನ ಕಥೆಯೆಂದು ಕರೆಯುವುದು ವಾಡಿಕೆಯಾಗಿದೆ. ಈ ವಾಡಿಕೆ ತಪ್ಪೆಂದು ನಾವು ಹೇಳುವುದಿಲ್ಲ; ಅಪೂರ್ಣವೆಂಬುದಷ್ಟೇ ನಮ್ಮ ಅಭಿಪ್ರಾಯ. ಕೃತಿಯ ಬೇರನ್ನು ಅರಸುವವರು ಲೇಖಿಕೆಯವರು ಹುಡುಗಿಯಾಗಿದ್ದಾಗ ಓದಿದ ಶಾಲೆಯ ಬಾಗಿಲವರೆಗೂ ಹೋಗಬೇಕಾಗುತ್ತದೆ.

ಅವರು ಹುಟ್ಟಿದ್ದು 1936ರಲ್ಲಿ, ಕಾಸರಗೋಡಿನಲ್ಲಿ. ಆಗ ಆ ಊರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. ಕನ್ನಡ ಶಾಲೆಯಲ್ಲಿ ಕಲಿತ ಅವರು ತಮ್ಮ ಸಮುದಾಯದಲ್ಲಿ ಶಾಲಾ ಶಿಕ್ಷಣ ಪೂರೈಸಿದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ಮುಂದೆ ಓದಬೇಕೆಂಬ ಆಸೆ ಸಮುದಾಯದ ಕಟ್ಟಳೆಗೆ ಸಿಕ್ಕಿ ಅಲ್ಲಿಗೇ ನಿಂತಿತು. ಮದುವೆಯಾಯಿತು, ನಾಲ್ವರು ಗಂಡುಮಕ್ಕಳಾದರು. ಗ್ರಂಥಾಲಯದ ಸದಸ್ಯತ್ವ ದೊರೆತದ್ದು 1963ರಲ್ಲಿ. ಮೊದಲ ಬರಹ ‘ಲಂಕೇಶ್ ಪತ್ರಿಕೆ’ಯಲ್ಲಿ ಅಚ್ಚಾದದ್ದು 1981ರಲ್ಲಿ. ನಡುವಣ ಈ ಹದಿನೆಂಟು ವರ್ಷಗಳನ್ನು ಅವರ ಕಾಲೇಜು ಎಂದು ಕರೆದರೆ ಅತಿಶಯೋಕ್ತಿಯಾಗಲಾರದು.

ಅವರು ಶಾಲೆಯಲ್ಲಿದ್ದ ಕಾಲದಲ್ಲಿ ‘ಸ್ತ್ರೀವಾದ’ ಎಂಬ ಮಾತು ಕನ್ನಡದಲ್ಲಿ ರೂಢಿಗೆ ಬಂದಿರಲಿಲ್ಲ. ಆದರೆ ಓದುವ ಹುಡುಗಿಗೆ ವಾದದ ಹೆಸರು ಗೊತ್ತಿರಬೇಕಾಗಿಲ್ಲ. ಹುಡುಗರು ಮುಂದಿನ ತರಗತಿಗೆ ಹೋಗುವಾಗ ತಾನೇಕೆ ಮನೆಯಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯೊಂದೇ ಸಾಕು. ವಿಚಾರವೆಲ್ಲ ಅದರಿಂದಲೇ ಮೊಳೆಯುತ್ತದೆ. ಶ್ರೀಮತಿ ಸಾರಾ ಅವರ ಬರವಣಿಗೆಯಲ್ಲಿ ಸಿದ್ಧಾಂತದ ಪರಿಭಾಷೆ ವಿರಳವಾಗಿರುವುದಕ್ಕೂ ಪ್ರಶ್ನೆಯ ಮೊನೆ ಹರಿತವಾಗಿರುವುದಕ್ಕೂ ಇದೇ ಕಾರಣವೆಂದು ನಮಗೆ ತೋರುತ್ತದೆ.

ಇನ್ನು ಕಾದಂಬರಿಯನ್ನು ನೋಡೋಣ. ನಾದಿರಾ ಬಡವನೂ ಹಟಮಾರಿಯೂ ಆದ ಮಹಮ್ಮದ್ ಖಾನನ ಮಗಳು. ತಾಯಿ ಫಾತಿಮಾ ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಬಂದವಳು. ನಾದಿರಾಳ ಗಂಡ ರಶೀದ್ ಒಳ್ಳೆಯವನು. ಸಂಸಾರ ಹಿತವಾಗಿಯೇ ಸಾಗಿ ಮಗುವೂ ಆಗುತ್ತದೆ. ತಂದೆಯ ಹಣದಾಸೆ ಮತ್ತು ಹಟ ಆ ಸಂಸಾರವನ್ನು ಮುರಿದು ತಲಾಖಿನವರೆಗೆ ಒಯ್ಯುತ್ತವೆ. ಮತ್ತೆ ಕೂಡಬೇಕೆಂದು ಇಬ್ಬರೂ ಬಯಸಿದಾಗ, ಅವಳು ಬೇರೊಬ್ಬನನ್ನು ವರಿಸಿ, ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕೆಂಬ ಕಟ್ಟಳೆ ಎದುರಾಗುತ್ತದೆ. ಅದಕ್ಕೆ ಮನಸ್ಸು ಒಪ್ಪದೆ ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ಈ ಕಥೆಯಲ್ಲಿ ನಾದಿರಾಳಿಗೆ ಎರಡೇ ಮನೆಗಳಿವೆ: ಅಪ್ಪನದು, ಗಂಡನದು. ಒಂದರ ಬಾಗಿಲು ಮುಚ್ಚಿದರೆ ಇನ್ನೊಂದಕ್ಕೆ ಹೋಗಬೇಕು. ಎರಡೂ ಕೈಬಿಟ್ಟರೆ ಕೊಳವೇ ಗತಿ. ತನ್ನ ದುಡಿಮೆಯಿಂದ ತಾನೂ ಮಗುವೂ ಬದುಕಬಹುದಾದ ಮೂರನೆಯ ಮನೆಯೊಂದು ಅವಳ ಕಲ್ಪನೆಗೆ ಕೂಡ ಎಟುಕುವುದಿಲ್ಲ. ವಿದ್ಯೆ ಮತ್ತು ಉದ್ಯೋಗ ಇಲ್ಲದಿರುವಾಗ ಹೆಣ್ಣಿನ ಬಾಳು ಎಷ್ಟು ಇಕ್ಕಟ್ಟಿನದೆಂಬುದನ್ನು ಲೇಖಿಕೆಯವರು ಉಪದೇಶಿಸದೆ ತೋರಿಸಿದ್ದಾರೆ.

ನಾದಿರಾಳ ಸಾವು ಸೋಲಲ್ಲವೇ, ಅವಳನ್ನು ಬದುಕಿಸಿ ಒಂದು ಕಸುಬಿಗೆ ಹಚ್ಚಬಹುದಾಗಿತ್ತಲ್ಲವೇ ಎಂದು ಸಹೃದಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಕ್ಷರದ ಬಲವಿಲ್ಲದವಳ ಕೈಗೆ ಕೊನೆಯ ಅಧ್ಯಾಯದಲ್ಲಿ ಸಂಬಳದ ಕೆಲಸ ಕೊಟ್ಟಿದ್ದರೆ ಅದು ಓದುಗನ ಸಮಾಧಾನಕ್ಕಾಗಿ ಹೇಳಿದ ಸುಳ್ಳಾಗುತ್ತಿತ್ತು. ನಮ್ಮ ಆಕ್ಷೇಪಣೆ ಬೇರೆಯದು: ಮಹಮ್ಮದ್ ಖಾನನ ಪಾತ್ರ ಬಹುಮಟ್ಟಿಗೆ ಒಂದೇ ಬಣ್ಣದಲ್ಲಿ ಮೂಡಿದೆ. ಅವನ ಬಡತನವನ್ನು ಇನ್ನಷ್ಟು ಒಳಹೊಕ್ಕು ನೋಡಿದ್ದರೆ ಕೃತಿ ಇನ್ನೂ ತೂಕವುಳ್ಳದ್ದಾಗುತ್ತಿತ್ತು. ಮಗಳ ನೋವನ್ನು ಕಂಡೂ ಏನೂ ಮಾಡಲಾರದ ಫಾತಿಮಾಳೇ ನಮ್ಮ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತಾಳೆ.

ಇದು ಒಂದು ಮತದವರ ಕಥೆಯೆಂದು ಬಗೆದು ಮಿಕ್ಕವರು ನೆಮ್ಮದಿಯಿಂದಿರುವುದು ಸಲ್ಲದು. ಶ್ರೀಮತಿ ಎಂ. ಕೆ. ಇಂದಿರಾ ಅವರಿಗೂ ಹನ್ನೆರಡನೆಯ ವಯಸ್ಸಿಗೇ ಮದುವೆಯಾಗಿ ಓದು ನಿಂತಿತ್ತು. ‘ತುಂಗಭದ್ರ’ ಬಂದದ್ದು 1963ರಲ್ಲಿ. ಅವರ ‘ಫಣಿಯಮ್ಮ’ (1976) ಬ್ರಾಹ್ಮಣ ಮನೆಯ ಬಾಲವಿಧವೆಯ ಕಥೆ. ಈ ಇಬ್ಬರು ಲೇಖಿಕೆಯರೂ ನಲವತ್ತು ದಾಟಿದ ಮೇಲೆಯೇ ಲೇಖನಿ ಹಿಡಿದರೆಂಬುದು ವಿಚಾರಣೀಯ. ಬಾಲ್ಯದಲ್ಲಿ ತಡೆದ ಪ್ರತಿಭೆ ಹೀಗೆ ತಡವಾಗಿ ಚಿಗುರಿದ್ದು ನಮ್ಮ ಪುಣ್ಯ. ಚಿಗುರದೆ ಒಣಗಿದವುಗಳ ಲೆಕ್ಕ ಸಾಹಿತ್ಯ ಚರಿತ್ರೆಯಲ್ಲಿ ಸಿಗದು.

ಒಮ್ಮೆಲೇ ಮೂರು ಸಲ ತಲಾಖ್ ಹೇಳುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಅಸಿಂಧುವೆಂದಿತು. 2019ರಲ್ಲಿ ಅದು ಶಿಕ್ಷಾರ್ಹ ಅಪರಾಧವೂ ಆಯಿತು. ಕೃತಿ ತಲಾಖಿನ ಕಥೆ ಮಾತ್ರವಾಗಿದ್ದರೆ ಇನ್ನು ಮುಂದೆ ಅದು ಚರಿತ್ರೆಯ ಸಾಮಗ್ರಿಯಾಗಿ ಉಳಿಯುತ್ತಿತ್ತು. ಹುಡುಗಿಯ ಓದು ಯಾರ ಅಪ್ಪಣೆಯ ಮೇಲೆ ನಿಂತಿದೆ ಎಂಬ ಪ್ರಶ್ನೆಗೆ ಯಾವ ಶಾಸನವೂ ಪೂರ್ತಿ ಉತ್ತರ ಕೊಡಲಾರದು. ಆದಕಾರಣ ಕಾದಂಬರಿ ಇಂದಿಗೂ ಸಜೀವವಾಗಿದೆ.

ಅಧ್ಯಾಪಕ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ‘ಮುಂದೆ ನಾನು ಏನಾಗುವೆ’ ಎಂಬ ಪ್ರಬಂಧವನ್ನು ನಾವೆಲ್ಲರೂ ಬರೆಸುತ್ತೇವೆ. ಹುಡುಗಿಯರು ವೈದ್ಯೆ, ಅಧ್ಯಾಪಕಿ, ಜಿಲ್ಲಾಧಿಕಾರಿ ಎಂದು ಬರೆಯುತ್ತಾರೆ. ನಾವು ಕಾಗುಣಿತ ತಿದ್ದಿ ಅಂಕ ಹಾಕಿ ಹಿಂತಿರುಗಿಸುತ್ತೇವೆ. ಆ ಹಾಳೆ ಹುಡುಗಿಯೊಬ್ಬಳ ಮೊದಲ ವಿಚಾರಲೇಖನವೆಂದು ತಿಳಿದು ಓದಬೇಕು. ನಿನ್ನ ದಾರಿಗೆ ಯಾರು ಅಡ್ಡ ಬಂದಾರು, ಯಾರು ನೆರವಾದಾರು ಎಂದು ಅವಳನ್ನು ಕೇಳಬೇಕು. ಅಗತ್ಯಬಿದ್ದರೆ ಅವಳ ತಂದೆತಾಯಿಗಳನ್ನು ಕರೆಸಿ ಮಾತನಾಡಬೇಕು. ನಮ್ಮ ಶಾಲೆಗಳ ವಾಚನಾಲಯಗಳಲ್ಲಿ ಈ ಕಾದಂಬರಿಯ ಪ್ರತಿಯೊಂದಿದ್ದು, ಅದು ಹತ್ತನೆಯ ತರಗತಿಯ ಹುಡುಗಿಯರಿಗೂ ಹುಡುಗರಿಗೂ ಕೈಗೆ ಸಿಗುವಂತಿರಲಿ.