ಪೀಠ ಮತ್ತು ಪಾಠ: ನ್ಯೂಮನ್, ಬಿ.ಎಂ.ಶ್ರೀ. ಮತ್ತು ವಿಶ್ವವಿದ್ಯಾಲಯದ ನಾಯಕತ್ವ

ವಿಶ್ವವಿದ್ಯಾಲಯವನ್ನು ಮುನ್ನಡೆಸುವವರು ಯಾವ ವೃತ್ತಿಯಿಂದ ಬಂದವರಾಗಿರಬೇಕು? ಯುರೋಪಿನಲ್ಲಿ ನಾಲ್ಕು ದಶಕಗಳಿಂದ ಚರ್ಚೆಯಲ್ಲಿರುವ ಈ ಪ್ರಶ್ನೆ ಈಗ ನಮ್ಮ ಹೊಸ್ತಿಲಿಗೂ ಬಂದಿದೆ. 2025ರ ಜನವರಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪ್ರಕಟಿಸಿದ ಕರಡು ನಿಯಮಾವಳಿಯು, ಪ್ರಾಧ್ಯಾಪಕರು ಮಾತ್ರವಲ್ಲದೆ ಉದ್ಯಮ, ಸಾರ್ವಜನಿಕ ಆಡಳಿತ ಮತ್ತು ಸಾರ್ವಜನಿಕ ನೀತಿಯ ಕ್ಷೇತ್ರಗಳಲ್ಲಿ ಹತ್ತು ವರ್ಷ ಹಿರಿಯ ಹೊಣೆ ನಿರ್ವಹಿಸಿದವರೂ ಕುಲಪತಿಗಳಾಗಬಹುದೆಂದು ಸೂಚಿಸಿತು. ಧರ್ಮಸಭೆಯ ಮಟ್ಟಿಗೂ ಇದು ದೂರದ ವಿಷಯವಲ್ಲ. ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಇಂದು ಗುರುಮಠದಲ್ಲಿ ಓದುತ್ತಿರುವವರಲ್ಲಿ ಕೆಲವರು ನಾಳೆ ಪ್ರಾಂಶುಪಾಲರೋ ಕುಲಸಚಿವರೋ ಆಗಿ ನೇಮಕಗೊಳ್ಳುವರು. ಅಂಥ ನೇಮಕವನ್ನು ನಾವು ವರ್ಗಾವಣೆಯ ಪಟ್ಟಿಯ ಒಂದು ಸಾಲಾಗಿ ಮಾತ್ರ ಕಾಣಬೇಕೆ, ಅಥವಾ ಅದರ ಹಿಂದೆ ದೈವಶಾಸ್ತ್ರದ ಪ್ರಶ್ನೆಯೊಂದಿದೆಯೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಇಂಥ ಚರ್ಚೆಯಲ್ಲಿ ಕಥೋಲಿಕರು ಸಾಮಾನ್ಯವಾಗಿ ಮೊರೆಹೋಗುವುದು ಸಂತ ಜಾನ್ ಹೆನ್ರಿ ನ್ಯೂಮನ್ ಅವರ 'ವಿಶ್ವವಿದ್ಯಾಲಯದ ಪರಿಕಲ್ಪನೆ' ಎಂಬ ಗ್ರಂಥಕ್ಕೆ. 1852ರಲ್ಲಿ ಡಬ್ಲಿನ್‌ನಲ್ಲಿ ನೀಡಿದ ಉಪನ್ಯಾಸಗಳಿಂದ ಬೆಳೆದು 1873ರಲ್ಲಿ ಈ ಹೆಸರಿನಲ್ಲಿ ನೆಲೆಗೊಂಡ ಕೃತಿ ಇದು. ಜ್ಞಾನವು ತನಗೆ ತಾನೇ ಒಂದು ಗುರಿ. ದೈವಶಾಸ್ತ್ರವನ್ನು ಹೊರಗಿಟ್ಟ ವಿಶ್ವವಿದ್ಯಾಲಯ ತನ್ನ ಹೆಸರಿಗೇ ದ್ರೋಹ ಬಗೆಯುತ್ತದೆ. ಒಂದು ಶಾಸ್ತ್ರವನ್ನು ತೆಗೆದುಹಾಕಿದರೆ ಉಳಿದವು ಅದರ ಜಾಗವನ್ನು ಅತಿಕ್ರಮಿಸುತ್ತವೆ: ಈ ಮೂರು ವಾದಗಳು ಇಂದಿಗೂ ಬಲ ಕಳೆದುಕೊಂಡಿಲ್ಲ. ಆದರೆ ನಮ್ಮ ಪ್ರಶ್ನೆಯನ್ನು ಹಿಡಿದು ಈ ಗ್ರಂಥವನ್ನು ಓದಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ವಿಶ್ವವಿದ್ಯಾಲಯ ಏತಕ್ಕೆ ಎಂಬುದನ್ನು ಇಷ್ಟು ವಿಶದವಾಗಿ ಬರೆದ ಲೇಖಕರು ಅದನ್ನು ನಡೆಸುವವರು ಯಾರು, ಅವರು ಯಾರಿಗೆ ಉತ್ತರದಾಯಿಗಳು ಎಂಬ ಬಗ್ಗೆ ಇಲ್ಲಿ ಬಹುಮಟ್ಟಿಗೆ ಮೌನವಾಗಿದ್ದಾರೆ. ಆ ಸಂಸ್ಥೆಯ ರೆಕ್ಟರ್ ಸ್ವತಃ ಅವರೇ ಆಗಿದ್ದರೆಂಬುದನ್ನು ನೆನೆದರೆ ಈ ಮೌನ ಇನ್ನಷ್ಟು ಸೋಜಿಗದ್ದು.

ಈ ಕೊರತೆಯನ್ನು ತುಂಬುವ ಬರಹ ಅವರಲ್ಲೇ ಇದೆ. ಅದನ್ನು ಓದುವವರು ಕಡಿಮೆ. 1854ರಲ್ಲಿ ಕಥೋಲಿಕ ವಿಶ್ವವಿದ್ಯಾಲಯದ ಪತ್ರಿಕೆಗೆ ಅವರು ಬರೆದ ಚಾರಿತ್ರಿಕ ಪ್ರಬಂಧಗಳು 1856ರಲ್ಲಿ ಪುಸ್ತಕವಾದವು. ಅಥೆನ್ಸಿನಿಂದ ಪ್ಯಾರಿಸ್, ಆಕ್ಸ್‌ಫರ್ಡ್‌ಗಳವರೆಗಿನ ಕಥೆ ಹೇಳುತ್ತಾ ನ್ಯೂಮನ್ ಎರಡು ತತ್ತ್ವಗಳನ್ನು ಬೇರ್ಪಡಿಸುತ್ತಾರೆ. ಒಂದು, ಗುರುವಿನಿಂದ ಶಿಷ್ಯನಿಗೆ ಸಲ್ಲುವ ವ್ಯಕ್ತಿಗತ ಪ್ರಭಾವ. ಮತ್ತೊಂದು, ಅದನ್ನು ಕಾಪಾಡುವ ನಿಯಮ ಮತ್ತು ವ್ಯವಸ್ಥೆ. ಪ್ರಭಾವವಿಲ್ಲದೆ ವಿಶ್ವವಿದ್ಯಾಲಯ ಹುಟ್ಟದು, ವ್ಯವಸ್ಥೆಯಿಲ್ಲದೆ ಉಳಿಯದು. ಆದರೆ ವ್ಯವಸ್ಥೆಯೊಂದೇ ಉಳಿದಲ್ಲಿ ಎಲ್ಲವೂ ಹೆಪ್ಪುಗಟ್ಟುತ್ತದೆ. ಈ ಪ್ರಬಂಧಗಳನ್ನು ಮೊದಲ ಗ್ರಂಥದ ಪಕ್ಕದಲ್ಲಿಟ್ಟು ಓದಿದಾಗ ರೆಕ್ಟರನ ಸ್ಥಾನ ಎಲ್ಲಿದೆಯೆಂಬುದು ಹೊಳೆಯುತ್ತದೆ: ಪ್ರಭಾವವೂ ವ್ಯವಸ್ಥೆಯೂ ಸಂಧಿಸುವ ಬಿಂದುವಿನಲ್ಲಿ. ಆ ಸ್ಥಾನದಲ್ಲಿ ಕುಳಿತವನಿಗೆ ವ್ಯವಸ್ಥೆಯ ಭಾಷೆ ಮಾತ್ರ ತಿಳಿದಿದ್ದರೆ ಸಾಲದು. ಪಾಠದ ಭಾಷೆ ಮಾತ್ರ ತಿಳಿದಿದ್ದರೂ ಸಾಲದು.

ನ್ಯೂಮನ್ ಅವರ ಬದುಕೇ ಈ ಮಾತಿಗೆ ಭಾಷ್ಯ. 1826ರಲ್ಲಿ ಅವರು ಆಕ್ಸ್‌ಫರ್ಡ್‌ನ ಓರಿಯಲ್ ಕಾಲೇಜಿನಲ್ಲಿ ಬೋಧಕರಾದಾಗ ಆ ಕೆಲಸವನ್ನು ಆತ್ಮಪಾಲನೆಯ ಸೇವೆಯೆಂದೇ ಭಾವಿಸಿದರು. ಕಾಲೇಜಿನ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಹಾಕಿನ್ಸ್ ಅದನ್ನು ಒಪ್ಪದೆ ಅವರಿಗೆ ಹೊಸ ವಿದ್ಯಾರ್ಥಿಗಳನ್ನು ಕೊಡುವುದನ್ನೇ ನಿಲ್ಲಿಸಿದರು. ಡಬ್ಲಿನ್‌ಗೆ ಅವರು ತಂದದ್ದು ಈ ಅನುಭವವನ್ನು. ಅಲ್ಲಿ ಅವರು ಪ್ರಾಧ್ಯಾಪಕರನ್ನಾಗಿ ಬಹುತೇಕ ಶ್ರೀಸಾಮಾನ್ಯರನ್ನು ಆರಿಸಿದರು, ವೈದ್ಯಶಾಲೆಯನ್ನು ತೆರೆದರು, ವಿಶ್ವವಿದ್ಯಾಲಯದ ದೇವಾಲಯವನ್ನು ಕಟ್ಟಿಸಿದರು. ಹಣಕಾಸಿನ ಮೇಲ್ವಿಚಾರಣೆಯನ್ನು ಶ್ರೀಸಾಮಾನ್ಯರ ಸಮಿತಿಗೆ ಒಪ್ಪಿಸಬೇಕೆಂಬ ಅವರ ಬೇಡಿಕೆ ಮಾತ್ರ ಈಡೇರಲಿಲ್ಲ. ಮಹಾಧರ್ಮಾಧ್ಯಕ್ಷ ಪೌಲ್ ಕಲ್ಲನ್ ಅವರಿಗೂ ರೆಕ್ಟರರಿಗೂ ಇದ್ದ ಭಿನ್ನಾಭಿಪ್ರಾಯದ ತಿರುಳು ಇಲ್ಲಿದೆ. ಜೊತೆಗೆ ನ್ಯೂಮನ್ ಅದೇ ವೇಳೆ ಬರ್ಮಿಂಗ್‌ಹ್ಯಾಮ್‌ನ ಓರೆಟರಿಯ ಮುಖ್ಯಸ್ಥರೂ ಆಗಿದ್ದು, ಎರಡು ಮನೆಗಳ ನಡುವೆ ಮತ್ತೆ ಮತ್ತೆ ಸಮುದ್ರ ದಾಟುತ್ತಿದ್ದರು. ಸರ್ಕಾರದ ಸನ್ನದು ದೊರೆಯಲಿಲ್ಲ. 1858ರಲ್ಲಿ ಅವರು ರಾಜೀನಾಮೆಯಿತ್ತರು. ಉತ್ತಮ ಅಧ್ಯಾಪಕನನ್ನು ಪೀಠದಲ್ಲಿ ಕೂರಿಸಿ ಅಧಿಕಾರವನ್ನು ಬೇರೆಡೆ ಇಟ್ಟುಕೊಂಡರೆ ಏನಾಗುತ್ತದೆಂಬುದನ್ನು ಆ ಏಳು ವರ್ಷಗಳು ತೋರಿಸುತ್ತವೆ. ಆದ್ದರಿಂದ ಅವರ ಗ್ರಂಥವನ್ನು ಕೊಂಡಾಡುವ ಧರ್ಮಸಭೆ ಅವರ ಅನುಭವವನ್ನೂ ಓದಬೇಕಾಗಿದೆ.

ಯುರೋಪಿನ ಇತಿಹಾಸವೂ ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತದೆ. ಮಧ್ಯಯುಗದ ಬೊಲೋನ್ಯಾದಲ್ಲಿ ರೆಕ್ಟರನನ್ನು ಆರಿಸುತ್ತಿದ್ದವರು ವಿದ್ಯಾರ್ಥಿಗಳು. ಪ್ಯಾರಿಸ್‌ನಲ್ಲಿ ಕಲಾವಿಭಾಗದ ಗುರುಗಳು, ಅದೂ ಕೆಲವೇ ತಿಂಗಳ ಅವಧಿಗೆ. ಬರ್ಲಿನ್‌ನಲ್ಲಿ ಫಿಷ್ಟೆ, ದೈವಶಾಸ್ತ್ರಜ್ಞ ಶ್ಲೈಯರ್‌ಮಾಖರ್, ಹೆಗೆಲ್ ಇವರೆಲ್ಲ ಅಲ್ಪಾವಧಿಗೆ ರೆಕ್ಟರರಾಗಿ ಮತ್ತೆ ತರಗತಿಗೆ ಮರಳಿದರು. ರೆಕ್ಟರನೆಂದರೆ ಸಮಾನರಲ್ಲಿ ಮೊದಲಿಗ ಎಂಬುದೇ ರೂಢಿ. ಈ ರೂಢಿ ಸಡಿಲಗೊಂಡದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ಕುಲಪತಿಯು ವಿದ್ವಾಂಸ ನಾಯಕನಷ್ಟೇ ಅಲ್ಲ, ಮುಖ್ಯ ಕಾರ್ಯನಿರ್ವಾಹಕನೂ ಹೌದೆಂದು ಬ್ರಿಟನ್ನಿನ ಜಾರೆಟ್ ವರದಿ 1985ರಲ್ಲಿ ಹೇಳಿತು. ಡೆನ್ಮಾರ್ಕಿನಲ್ಲಿ 2003ರ ಕಾಯಿದೆ ರೆಕ್ಟರರ ಚುನಾವಣೆಯನ್ನು ರದ್ದುಗೊಳಿಸಿ, ಹೊರಗಿನವರ ಬಹುಮತವುಳ್ಳ ಮಂಡಳಿಗೆ ಆ ನೇಮಕವನ್ನು ಒಪ್ಪಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ರೆಕ್ಟರ್ ಮಾನ್ಯತೆ ಪಡೆದ ಸಂಶೋಧಕನಾಗಿರಬೇಕೆಂದು ಅದೇ ಕಾಯಿದೆ ವಿಧಿಸುತ್ತದೆ. ಅಂದರೆ ಅಲ್ಲಿ ಬದಲಾದದ್ದು ನಾಯಕನ ವೃತ್ತಿಯಲ್ಲ, ಅವನು ಯಾರಿಗೆ ಉತ್ತರ ಕೊಡಬೇಕೆಂಬುದು. ಆಕ್ಸ್‌ಫರ್ಡ್‌ನಲ್ಲಿ ಉದ್ಯಮ ಮತ್ತು ಆಡಳಿತದ ಅನುಭವದೊಂದಿಗೆ ಹೊರಗಿನಿಂದ ಬಂದ ಕುಲಪತಿ ಜಾನ್ ಹುಡ್ ಅವರ ಕಾಲದ ಆಡಳಿತ ಸುಧಾರಣೆಯ ಪ್ರಸ್ತಾವಗಳನ್ನು ಅಧ್ಯಾಪಕರ ಮಹಾಸಭೆ 2006ರಲ್ಲಿ ಮತ ಹಾಕಿ ತಿರಸ್ಕರಿಸಿತು. ಅಲ್ಲಿನ ಜಗಳವೂ ಮೂಲತಃ ಉತ್ತರದಾಯಿತ್ವದ್ದೇ.

ಆಮಂಡಾ ಗುಡಾಲ್ 2009ರ ತಮ್ಮ ಗ್ರಂಥದಲ್ಲಿ ಶ್ರೇಷ್ಠ ವಿದ್ವಾಂಸರೇ ಸಂಶೋಧನಾ ವಿಶ್ವವಿದ್ಯಾಲಯಗಳನ್ನು ಚೆನ್ನಾಗಿ ನಡೆಸುತ್ತಾರೆಂದು ವಾದಿಸಿದ್ದಾರೆ. ತನ್ನ ಕಸುಬನ್ನು ಬಲ್ಲವನಿಗೆ ಸಹೋದ್ಯೋಗಿಗಳ ವಿಶ್ವಾಸ ಸಿಗುತ್ತದೆಂಬ ಆ ವಾದದಲ್ಲಿ ಸತ್ಯವಿದೆ. ಆದರೆ ಅದನ್ನು ಪೂರ್ತಿಯಾಗಿ ಒಪ್ಪಲು 1933ರ ಫ್ರೈಬುರ್ಗ್ ಅಡ್ಡಬರುತ್ತದೆ. ಆ ಶತಮಾನದ ಅತಿ ದೊಡ್ಡ ತತ್ತ್ವಜ್ಞಾನಿಗಳಲ್ಲಿ ಒಬ್ಬರಾದ ಮಾರ್ಟಿನ್ ಹೈಡೆಗರ್ ಅಲ್ಲಿ ರೆಕ್ಟರರಾಗಿ, ನಾಟ್ಸಿಗಳ ನಾಯಕತತ್ತ್ವವನ್ನು ವಿಶ್ವವಿದ್ಯಾಲಯದೊಳಕ್ಕೆ ಬರಮಾಡಿಕೊಂಡರು. ಪಾಂಡಿತ್ಯ ವಿವೇಕಕ್ಕೆ ಜಾಮೀನಲ್ಲ. ಪೀಠದಲ್ಲಿ ಕುಳಿತವನ ತೀರ್ಪನ್ನು ಪ್ರಶ್ನಿಸಬಲ್ಲ ಗುರುಸಮುದಾಯವಿಲ್ಲದಿದ್ದರೆ ಎಂಥ ಜ್ಞಾನವೂ ದಾರಿ ತಪ್ಪಬಹುದು.

ಕನ್ನಡನಾಡಿನತ್ತ ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. 1916ರಲ್ಲಿ ಸ್ಥಾಪನೆಗೊಂಡ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ ಸಂಸ್ಥಾನದ ಹಿರಿಯ ಅಧಿಕಾರಿ. ಜೊತೆಗೆ ವಿದ್ವಾಂಸ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷ. ಅನಂತರ ಬಂದ ಬ್ರಜೇಂದ್ರನಾಥ ಸೀಲರು ತತ್ತ್ವಜ್ಞಾನಿ. ಸೀಲರ ಕಾಲದಲ್ಲಿ, 1926ರಿಂದ 1930ರವರೆಗೆ, ಕುಲಸಚಿವರಾಗಿದ್ದವರು ಬಿ.ಎಂ. ಶ್ರೀಕಂಠಯ್ಯನವರು. ಅವರು ಹುಟ್ಟಿದ್ದು 1884ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆಯ ಗುರುಗಳಿಗೂ ವಿಶ್ವಾಸಿಗಳಿಗೂ ಆ ಊರು ಅಪರಿಚಿತವಲ್ಲ. ವೃತ್ತಿಯಿಂದ ಅವರು ಇಂಗ್ಲಿಷ್ ಅಧ್ಯಾಪಕರು; ಕನ್ನಡದ ಮಾತು ತಲೆಯೆತ್ತಬೇಕೆಂದು 1911ರಲ್ಲೇ ಧಾರವಾಡದಲ್ಲಿ ಉಪನ್ಯಾಸ ನೀಡಿದವರು.

ನ್ಯೂಮನ್ ಮತ್ತು ಬಿ.ಎಂ.ಶ್ರೀ. ಅವರನ್ನು ಒಟ್ಟಿಗೆ ತರುವುದು ನಮ್ಮ ಕಲ್ಪನೆಯಲ್ಲ, ಒಂದು ಕವಿತೆ. 1833ರಲ್ಲಿ ಸಿಸಿಲಿಯಲ್ಲಿ ಜ್ವರದಿಂದ ಚೇತರಿಸಿಕೊಂಡು ಊರಿಗೆ ಮರಳುವಾಗ, ಗಾಳಿಯಿಲ್ಲದೆ ನಿಂತ ಹಡಗಿನಲ್ಲಿ ನ್ಯೂಮನ್ ಬರೆದ ಪ್ರಾರ್ಥನೆ 'ಕರುಣಾಳು ಬಾ ಬೆಳಕೆ' ಎಂದು ಕನ್ನಡಕ್ಕೆ ಬಂದದ್ದು ಬಿ.ಎಂ.ಶ್ರೀ. ಅವರಿಂದ, 1926ರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಅದಿದೆ. ಮೂಲಕ್ಕೆ ನ್ಯೂಮನ್ ಕೊಟ್ಟಿದ್ದ ಶೀರ್ಷಿಕೆ ವಿಮೋಚನಕಾಂಡದ ಮೇಘಸ್ತಂಭವನ್ನು ನೆನಪಿಸುವಂಥದು. ಕನ್ನಡದಲ್ಲಿ ಆ ಬೈಬಲ್ ಸೂಚನೆ ಹಿಂದೆ ಸರಿದು, ಬೆಳಕೇ ಕರುಣೆಯುಳ್ಳ ವ್ಯಕ್ತಿಯಾಗಿ ನಿಲ್ಲುತ್ತದೆ. ಇದನ್ನು ದೈವಶಾಸ್ತ್ರೀಯ ನಷ್ಟವೆಂದು ಎಣಿಸಬೇಕಿಲ್ಲ. ಈ ಆಯ್ಕೆಯಿಂದಲೇ ಒಬ್ಬ ಕ್ರೈಸ್ತ ಗುರುವಿನ ಪ್ರಾರ್ಥನೆ ಎಲ್ಲ ಮತಗಳ ಕನ್ನಡಿಗರ ಬಾಯಲ್ಲಿ ನೆಲೆಸಿತು. ಇಡೀ ದಾರಿಯ ನಕ್ಷೆಯನ್ನು ಬೇಡದೆ ಸದ್ಯದ ನಡಿಗೆಗೆ ಸಾಲುವ ಬೆಳಕನ್ನಷ್ಟೇ ಕೋರುವ ಆ ಮನೋಭಾವ, ಯೋಜನಾವರದಿಗಳಲ್ಲಿ ಮುಳುಗಿರುವ ಇಂದಿನ ಆಡಳಿತಗಾರನಿಗೂ ಅಗತ್ಯವಾದದ್ದು.

ಆ ಸಂಕಲನ ಬಂದ ವರ್ಷವೂ ಅವರು ಕುಲಸಚಿವರಾದ ವರ್ಷವೂ ಒಂದೇ. ಕಡತಗಳ ಪೀಠ ಅವರ ಕಸುಬನ್ನು ನುಂಗಲಿಲ್ಲ. ಕನ್ನಡ ಎಂ.ಎ. ತರಗತಿ ಆರಂಭವಾದದ್ದು ಆ ಅವಧಿಯಲ್ಲೇ. 1929ರಲ್ಲಿ ಅದರಲ್ಲಿ ತೇರ್ಗಡೆಯಾದ ಕುವೆಂಪು 1956ರಲ್ಲಿ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು. 1928ರಲ್ಲಿ ಕುಲಸಚಿವರಾಗಿದ್ದುಕೊಂಡೇ ಬಿ.ಎಂ.ಶ್ರೀ. ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಅವಧಿ ಮುಗಿದ ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮತ್ತೆ ಪಾಠಕ್ಕೆ ನಿಂತರು. ಪ್ರಭಾವವೂ ವ್ಯವಸ್ಥೆಯೂ ಒಬ್ಬ ವ್ಯಕ್ತಿಯಲ್ಲಿ ಸಂಧಿಸಬಹುದೆಂಬ ನ್ಯೂಮನ್ ಅವರ ಸೂಚನೆಗೆ, ಅವರ ಕವಿತೆಯ ಅನುವಾದಕರೇ ಉದಾಹರಣೆಯಾದರು.

ಇಷ್ಟಾದ ಮೇಲೆ ಸಂತ ಪೌಲರ ಕಡೆಗೆ ತಿರುಗೋಣ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯದಲ್ಲಿ ಅವರು ವರದಾನಗಳನ್ನು ಎಣಿಸುವಾಗ ಬೋಧಕರನ್ನು ಮೂರನೆಯ ಸ್ಥಾನದಲ್ಲಿ ಹೆಸರಿಸಿ, ಆಡಳಿತವನ್ನು ಬಹಳ ಮುಂದೆ ಪ್ರತ್ಯೇಕವಾಗಿ ಹೆಸರಿಸುತ್ತಾರೆ. ಅಲ್ಲಿನ ಗ್ರೀಕ್ ಪದ 'ಕುಬೆರ್ನೆಸಿಸ್' ಹಡಗಿನ ಚುಕ್ಕಾಣಿ ಹಿಡಿಯುವ ಕೌಶಲವನ್ನು ಸೂಚಿಸುತ್ತದೆ. ಇದರಿಂದ ಎರಡು ಸಂಗತಿಗಳು ಸ್ಪಷ್ಟ. ಆಡಳಿತವೂ ಪವಿತ್ರಾತ್ಮರ ವರದಾನ. ಅದನ್ನು ಕೀಳೆಂದು ಕಾಣುವ ವಿದ್ವಾಂಸರ ಗರ್ವಕ್ಕೆ ಇಲ್ಲಿ ಆಸರೆಯಿಲ್ಲ. ಅದೇ ವೇಳೆ ಅದು ದೀಕ್ಷೆಯೊಂದಿಗೆ ತಾನಾಗಿ ಬರುವ ವರದಾನವಲ್ಲ. ಯಾಜಕನಾದ ಮಾತ್ರಕ್ಕೆ ಪ್ರಾಂಶುಪಾಲನಾಗಬಲ್ಲನೆಂಬ ನಮ್ಮ ಊಹೆಗೂ ಆಸರೆಯಿಲ್ಲ. ಕಥೋಲಿಕ ವಿಶ್ವವಿದ್ಯಾಲಯಗಳ ಭವಿಷ್ಯ ಬಹುಮಟ್ಟಿಗೆ ಸಮರ್ಥ ಶ್ರೀಸಾಮಾನ್ಯರ ಸೇವೆಯನ್ನು ಅವಲಂಬಿಸಿದೆಯೆಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1990ರ 'ಎಕ್ಸ್ ಕೋರ್ಡೆ ಎಕ್ಲೇಸಿಯೆ' ಪ್ರೇಷಿತ ಸಂವಿಧಾನದಲ್ಲಿ ಹೇಳಿದ್ದು ಡಬ್ಲಿನ್‌ನಲ್ಲಿ ನ್ಯೂಮನ್ ಬೇಡಿದ್ದರ ತಡವಾದ ಅಂಗೀಕಾರದಂತೆ ತೋರುತ್ತದೆ.

ಉದ್ಯಮದಿಂದ ಬಂದವನು ಬೇಡ, ಪ್ರಾಧ್ಯಾಪಕನೇ ಬೇಕು ಎಂಬುದು ಈ ಲೇಖನದ ನಿಲುವಲ್ಲ. ನಾಯಕನು ತಾನು ಕಲಿತ ಕಸುಬನ್ನು ಪೀಠಕ್ಕೆ ಹೊತ್ತು ತರುವನೆ, ಕಲಿಸುವವರ ಮತ್ತು ಕಲಿಯುವವರ ತೀರ್ಪಿಗೆ ಒಳಪಟ್ಟಿರುವನೆ, ಅವಧಿ ಮುಗಿದಾಗ ಪಾಠಕ್ಕೆ ಮರಳಬಲ್ಲನೆ ಎಂಬುದೇ ಅಳತೆಗೋಲು. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಅಟ್ಟಕ್ಕೇರಿಸಿದ ಕಾಯನ್ನು ವರ್ಷದ ಹತ್ತಿರ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡುವವರೆಗೆ ಕಾಯುತ್ತಾರೆ. ಗುರುದೀಕ್ಷೆಯಾದ ಎರಡೇ ವರ್ಷಕ್ಕೆ ಸಂಸ್ಥೆಯ ಮುಖ್ಯಸ್ಥನನ್ನಾಗಿ ಮಾಡುವ ಮೇಲಧಿಕಾರಿಗಳಿಗೆ ಅಷ್ಟು ತಾಳ್ಮೆಯಾದರೂ ಇರಬೇಕು. ನೇಮಕಗೊಳ್ಳುವ ಗುರುವಿಗೆ ಮೂರು ಕಿವಿಮಾತುಗಳು ಸಾಕು: ವಾರಕ್ಕೆ ಒಂದು ತರಗತಿಯನ್ನಾದರೂ ಬಿಡಬೇಡಿ; ಲೆಕ್ಕಪತ್ರವನ್ನು ಬಲ್ಲ ಶ್ರೀಸಾಮಾನ್ಯರಿಗೆ ಒಪ್ಪಿಸಿ ಅವರ ಪ್ರಶ್ನೆಗೆ ಉತ್ತರಿಸಿ; ಎರಡು ಮನೆಗಳ ಯಜಮಾನಿಕೆಯನ್ನು ಒಟ್ಟಿಗೆ ಒಪ್ಪಿಕೊಳ್ಳಬೇಡಿ. ಇವುಗಳಲ್ಲಿ ಕೊನೆಯ ಎರಡನ್ನು ಡಬ್ಲಿನ್ ದುಬಾರಿ ಬೆಲೆ ತೆತ್ತು ಕಲಿಸಿದೆ. ಮೊದಲನೆಯದನ್ನು ಸಂಪಿಗೆಯಲ್ಲಿ ಹುಟ್ಟಿದ ಅಧ್ಯಾಪಕರು ಬಾಳಿ ತೋರಿಸಿದ್ದಾರೆ.