ಕಡಲತಳದ ಶಬ್ದಪ್ರಕೀರ್ಣನ: ಒಂದು ಹೇತುವಿಚಾರ

ನೀರೊಳಗೆ ಬಿಟ್ಟ ಶಬ್ದವು ಕಡಲತಳಕ್ಕೆ ತಾಗಿ ಮರಳಿದರೆ ಅದನ್ನು ಪ್ರತಿಧ್ವನಿಯೆಂದು ಕರೆದು ಸುಮ್ಮನಾಗುವುದುಂಟು. ತಳವು ಕನ್ನಡಿಯಂತೆ ನುಣುಪಾಗಿದ್ದರೆ ಈ ಹೆಸರು ಸಲ್ಲುವುದು. ಉಬ್ಬುತಗ್ಗುಗಳಿರುವೆಡೆ ಶಬ್ದವು ನಾನಾ ದಿಕ್ಕುಗಳಿಗೆ ಚೆದರುವುದು. ಇದನ್ನು ಪ್ರಕೀರ್ಣನವೆನ್ನುವುದೇ ಯುಕ್ತ. ವಿಶ್ವನಾಥ ಪಂಚಾನನನು ಕಾರಿಕಾವಳಿಯಲ್ಲಿ ಹೇಳಿದ ವೀಚೀತರಂಗ, ಕದಂಬಗೋಲಕ ನ್ಯಾಯಗಳು ಶಬ್ದದ ಪ್ರಸಾರವನ್ನು ಕುರಿತವುಗಳೇ ಹೊರತು ಇದನ್ನಲ್ಲ. ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಹಿಗ್ಗುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಹೇತುವನ್ನು ಪರೀಕ್ಷಿಸುವ ಕ್ರಮವನ್ನು ನೈಯಾಯಿಕರಿಂದ ಕಲಿಯಬಹುದು.

ಲ್ಯಾಂಬರ್ಟನು 1760ರಲ್ಲಿ ಹೊಳಪಿಲ್ಲದ ಮೈಮೇಲೆ ಬಿದ್ದ ಬೆಳಕಿಗೆ ಒಂದು ನಿಯಮವನ್ನು ಹೇಳಿದನು. ಅದನ್ನೇ ಮೆಕೆಂಜಿಯು 1961ರಲ್ಲಿ, ಸೆಕೆಂಡಿಗೆ 530 ಮತ್ತು 1030 ಆವರ್ತಗಳ ಶಬ್ದವನ್ನು ಆಳಗಡಲಲ್ಲಿ ಅಳೆದು, ಕಡಲತಳಕ್ಕೆ ಹೊಂದಿಸಿದನು. ಅವನಿಗೆ ದೊರೆತ ಸ್ಥಿರಾಂಕ ಋಣ 27 ಡೆಸಿಬೆಲ್. ಮರಳುವ ಶಬ್ದವು ಶಬ್ದಮಾರ್ಗವು ತಳದೊಡನೆ ಮಾಡುವ ಕೋನದ ಜ್ಯಾವರ್ಗವನ್ನು ಅನುಸರಿಸುವುದೆಂಬುದೇ ಈ ನಿಯಮದ ಸಾರ. ಇದರಲ್ಲಿ ಅಲೆಯ ಉದ್ದವಿಲ್ಲ. ತಳವು ಮರಳೋ ಕೆಸರೋ ಎಂಬ ವಿಚಾರವೂ ಇಲ್ಲ. ಅವೆಲ್ಲವೂ ಸ್ಥಿರಾಂಕವೆಂಬ ಒಂದೇ ಮೂಟೆಯೊಳಗೆ ಅಡಗಿವೆ. ಒಂದೆಡೆ ಅಳೆದ ಅಂಕವನ್ನು ಎಲ್ಲೆಡೆಯೂ ಹಚ್ಚುವುದು ಅತಿವ್ಯಾಪ್ತಿಯಾಗುವುದು. ಇದು ವರ್ಣನೆ, ಕಾರಣನಿರೂಪಣವಲ್ಲ.

1986ರಲ್ಲಿ ಜಾಕ್ಸನ್, ವೈನ್‌ಬ್ರೆನ್ನರ್, ಇಶಿಮಾರು ಎಂಬ ಮೂವರು ಹಿಡಿದ ಮಾರ್ಗವು ಬೇರೆ. ತಳದ ಏರಿಳಿತಗಳನ್ನೇ ಅವರು ಗಣಿತಕ್ಕೆ ಆಧಾರವಾಗಿಟ್ಟರು. ಸೆಕೆಂಡಿಗೆ 30,000 ಆವರ್ತಗಳ ಶಬ್ದವನ್ನು ತೆಗೆದುಕೊಳ್ಳೋಣ. ಕಡಲನೀರಿನಲ್ಲಿ ಅದರ ವೇಗ ಸುಮಾರು 1500 ಮೀಟರು. ಆದುದರಿಂದ ಅಲೆಯ ಉದ್ದ 5 ಸೆಂಟಿಮೀಟರು. ತಳವನ್ನು ಸವರಿಕೊಂಡು ಹೋಗುವಂತೆ ಬಂದ ಇಂಥ ಶಬ್ದವನ್ನು ಬಂದ ದಾರಿಗೇ ಹಿಂದಿರುಗಿಸುವುದರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರಿನ ಏರಿಳಿತಗಳಿಗೇ ಪ್ರಾಧಾನ್ಯ. ಇಲ್ಲಿ ಹೇತುವು ಹೆಸರುಗೊಂಡಿದೆ, ಅಳತೆಗೂ ಸಿಕ್ಕುವುದು. ಈ ಪಕ್ಷವೇ ನಮಗೆ ಮಾನ್ಯ.

ಆದರೆ ಗಣಿತವನ್ನು ತಲೆಕೆಳಗು ಮಾಡಿ, ಮರಳಿದ ಶಬ್ದದಿಂದಲೇ ತಳದ ಸ್ವರೂಪವನ್ನು ಅನುಮಾನಿಸ ಹೊರಟರೆ ತೊಡಕು ತಲೆದೋರುವುದು. ಮರಳಿನ ಮೇಲ್ಮೈಯ ಒರಟುತನದಿಂದ ಶಬ್ದವು ಚೆದರುವಂತೆಯೇ ಕೆಸರಿನೊಳಗಿನ ಅನಿಲದ ಗುಳ್ಳೆಗಳಿಂದಲೂ, ಹೂತ ಚಿಪ್ಪುಗಳಿಂದಲೂ ಚೆದರುವುದು. ಎರಡೆಡೆಯಲ್ಲೂ ಮರಳಿದ ಬಲವು ಒಂದೇ ಆಗಿರಬಹುದು. ಆಗ ಆ ಬಲವನ್ನು ಹೇತುವಾಗಿಟ್ಟು "ಇದು ಮರಳು" ಎನ್ನುವುದು ಅನೈಕಾಂತಿಕವೆಂಬ ಹೇತ್ವಾಭಾಸ. ಬೆಟ್ಟದಲ್ಲಿ ಮಂಜನ್ನು ಕಂಡು ಬೆಂಕಿಯನ್ನು ಊಹಿಸಿದಂತೆ ಎನ್ನೋಣವೆಂದರೆ ಅದೂ ಸಮವಾಗದು. ಮಂಜು ಹೊಗೆಯೇ ಅಲ್ಲ, ಇಲ್ಲಿಯಾದರೋ ಶಬ್ದವು ನಿಜವಾದ ಶಬ್ದವೇ, ವ್ಯಾಪ್ತಿಯೇ ಕೆಟ್ಟಿರುವುದು.

ಜಾಕ್ಸನ್, ರಿಚರ್ಡ್‌ಸನ್ ಇವರಿಬ್ಬರು 2007ರಲ್ಲಿ ಪ್ರಕಟಿಸಿದ, ಹೆಚ್ಚಿನ ಆವರ್ತದ ಶಬ್ದವನ್ನೂ ಕಡಲತಳವನ್ನೂ ಕುರಿತ ಗ್ರಂಥದ ಹಿರಿಮೆ ಇಲ್ಲಿಯೇ ಇದೆ. ತಳದ ಭೌತಗುಣ, ಒರಟುತನ, ಒಳಗಿನ ವೈಷಮ್ಯ ಇವುಗಳನ್ನು ವಿಸ್ತಾರವಾಗಿ ವಿಚಾರಿಸಿದ ಬಳಿಕ ಅವರು ಚೆದರಿಕೆಯ ಸಿದ್ಧಾಂತಕ್ಕೆ ಬರುವರು. 1999ರಲ್ಲಿ ಫ್ಲಾರಿಡಾದ ಫೋರ್ಟ್ ವಾಲ್ಟನ್ ಬೀಚಿನ ಸಮೀಪದಲ್ಲಿ ನಡೆದ ಪ್ರಯೋಗದಲ್ಲಿಯೂ ಶಬ್ದದೊಡನೆ ಮರಳನ್ನೂ ಅಳೆದರು. ಪ್ರತ್ಯಕ್ಷದ ಬೆಂಬಲವಿಲ್ಲದೆ ಸ್ಥಿರಾಂಕಗಳನ್ನು ಏರಿಸಿ ಇಳಿಸಿ ರೇಖೆಯನ್ನು ಕೂಡಿಸುವವರು ಈ ಕ್ರಮವನ್ನು ನೋಡಬೇಕು. ಅಂಥ ಕೂಡಿಕೆಯಿಂದ ಮುಂದಿನ ಅಳತೆಯನ್ನು ಊಹಿಸಲಾದೀತು. ತಳವು ಎಂಥದೆಂದು ಸಾಧಿಸಲಾಗದು.