ರಿಪೀಟರ್ ಪಕ್ಷದವರಿಗೆ ಮತ್ತೊಮ್ಮೆ

'ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಮಹಡಿಗೂ ವೈಫೈ ಬರುತ್ತಲ್ಲ' ಎನ್ನುವ ರಿಪೀಟರ್ ಪಕ್ಷದವರು ಇನ್ನೂ ಸೋಲೊಪ್ಪಿಲ್ಲ. ಬರುತ್ತೆ ಸ್ವಾಮಿ, ಫೋನು ಸಿಗ್ನಲ್ ಫುಲ್ ಎಂದೇ ತೋರಿಸುತ್ತೆ. ವೇಗ? ಒಂದೇ ರೇಡಿಯೊದ ರಿಪೀಟರ್ ಕೇಳುವಾಗ ಹೇಳಲಾರದು, ಹೇಳುವಾಗ ಕೇಳಲಾರದು. ಅರ್ಧ ಅಲ್ಲೇ ಹೋಯಿತು. ನಮ್ಮ ಮೈಸೂರಿನ ಅಗ್ರಹಾರ, ಒಂಟಿಕೊಪ್ಪಲಿನ ಹಳೆಯ ಮನೆಗಳ ದಪ್ಪ ಗಾರೆಗೋಡೆ ಉಳಿದದ್ದನ್ನು ನುಂಗುತ್ತದೆ. 5 ಗಿಗಾಹರ್ಟ್ಸ್ ಅಂತೂ ಎರಡನೇ ಗೋಡೆಗೇ ಸುಸ್ತು.

ಕ್ಯಾಟ್ 6 ಕೇಬಲ್ ಎಳೆಸಿ. 100 ಮೀಟರ್‌ವರೆಗೆ ಗಿಗಾಬಿಟ್ ಗ್ಯಾರಂಟಿ. ಅಷ್ಟುದ್ದದ ಮನೆ ಯಾರಿಗಿದೆ? ತುದಿಗೊಂದು ಆಕ್ಸೆಸ್ ಪಾಯಿಂಟ್. ಅಟ್ಟದಲ್ಲಿರುವ ಹಳೆಯ ರೌಟರೂ ಆದೀತು: ಐಪಿ ಹಂಚುವ ಡಿಎಚ್‌ಸಿಪಿ ಆಫ್, ಬೇರೊಂದು ಐಪಿ, ಕೇಬಲ್ ಮಾತ್ರ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ. ಹೆಸರು, ಪಾಸ್‌ವರ್ಡ್ ಕೆಳಗಿನದೇ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ ಚಾನೆಲ್ 1 ಇದ್ದರೆ ಮೇಲೆ 6 ಅಥವಾ 11.

ಈ ವಾರ ಬರೆಯಹೊರಟಿದ್ದು ನಿಜಕ್ಕೂ ವೈಫೈ ಭದ್ರತೆಯ ಡಬ್ಲ್ಯೂಪಿಎ3 ಕುರಿತು. 2018ರಲ್ಲಿ ಬಂತು; ಇದ್ದರೆ ಹಾಕಿ, ಇಲ್ಲವೇ ಡಬ್ಲ್ಯೂಪಿಎ2-ಎಇಎಸ್. ಮುಗಿಯಿತು. ನನ್ನ ಸಿಟ್ಟೆಲ್ಲ ಪಾಸ್‌ವರ್ಡ್ ಇಲ್ಲದೆಯೇ ಒಳಬಿಡುವ ಡಬ್ಲ್ಯೂಪಿಎಸ್ ಪಿನ್ ಮೇಲೆ. ಎಂಟು ಅಂಕಿ, ಕೊನೆಯದು ತಾಳೆ ನೋಡಲಷ್ಟೇ. ಉಳಿದ ಏಳಕ್ಕೆ ಒಂದು ಕೋಟಿ ಸಾಧ್ಯತೆ ಇರಬೇಕಲ್ಲವೇ? ಮೊದಲ ನಾಲ್ಕು ಸರಿಯೋ ತಪ್ಪೋ ಎಂಬುದನ್ನು ರೌಟರ್ ತಾನೇ ಬಾಯಿಬಿಡುತ್ತದೆ: ಅದಕ್ಕೆ 10,000, ಮುಂದಿನ ಮೂರಕ್ಕೆ 1,000. ಒಟ್ಟು 11,000 ಸಲ ಬಡಿದರೆ ಬಾಗಿಲು ತೆರೆಯಿತು. 2011ರಲ್ಲೇ ಬಯಲಾದ ಈ ಪೆದ್ದುತನ ಹಳೆಯ ರೌಟರುಗಳಲ್ಲಿ ಇನ್ನೂ ಆನ್ ಆಗಿಯೇ ಕೂತಿರುತ್ತದೆ.

ನಮ್ಮ ಮನೆಯಲ್ಲಿ ಕದಿಯಲು ಏನಿದೆ ಎನ್ನಬೇಡಿ. 2008ರ ಅಹಮದಾಬಾದ್ ಸ್ಫೋಟದ ಬೆದರಿಕೆ ಇ-ಮೇಲ್ ಹೋದದ್ದು ನವಿ ಮುಂಬೈನ ಒಬ್ಬರ ಮನೆಯ ವೈಫೈ ಮೂಲಕ. ಪೊಲೀಸರು ಮೊದಲು ತಟ್ಟಿದ್ದು ಅವರ ಕದ.

ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರದು ಬೇರೆ ಮಾತು. 1935ರಲ್ಲಿ ಇದೇ ಊರಿನ ತಮ್ಮ ಮನೆ 'ವಿಠಲ ವಿಹಾರ'ದಿಂದ 'ಆಕಾಶವಾಣಿ' ಹರಿಸಿದ್ದು ಬೀದಿಯವರೆಲ್ಲ ಕೇಳಲಿ ಎಂದೇ. ನೀವು ಬಿಡುತ್ತಿರುವುದೂ ರೇಡಿಯೊ ಅಲೆಯೇ, ಕಾಂಪೌಂಡ್ ಗೋಡೆಗೆ ನಿಲ್ಲುವುದಿಲ್ಲ. ಆದರೆ ಅದರಲ್ಲಿ ಹೋಗುವುದು ನಿಮ್ಮ ಬ್ಯಾಂಕಿನ ವ್ಯವಹಾರ.

ಹಾಗೆಂದು ದಸರೆಗೆ ಬಂದ ನೆಂಟರಿಗೆ ವೈಫೈ ಇಲ್ಲ ಎನ್ನಲಾದೀತೇ? ಗೆಸ್ಟ್ ನೆಟ್‌ವರ್ಕ್ ಕೊಡಿ, ಆದರೆ ಕೆಳಗಿನ ಮುಖ್ಯ ರೌಟರಿನಿಂದ. ಆಕ್ಸೆಸ್ ಪಾಯಿಂಟ್ ಆದ ಹಳೆಯ ರೌಟರಿನಲ್ಲಿ ಗೆಸ್ಟ್ ಎನ್ನುವುದು ಎಷ್ಟೋ ಸಲ ಹೆಸರಿಗಷ್ಟೇ. ನೆಂಟರ ಫೋನು ನೇರ ನಿಮ್ಮ ಪ್ರಿಂಟರಿನವರೆಗೂ ಬರುತ್ತದೆ. ಮಹಡಿಯಲ್ಲೂ ಬೇಕೇಬೇಕೆಂದರೆ ಒಂದೇ ಕೇಬಲ್ಲಿನಲ್ಲಿ ಎರಡು ಜಾಲಗಳನ್ನು ಬೇರೆಯಾಗಿಡುವ ವಿಎಲ್ಎಎನ್ ಬಲ್ಲ ಆಕ್ಸೆಸ್ ಪಾಯಿಂಟ್ ಬೇಕು; ಮುಖ್ಯ ರೌಟರಿಗೂ, ನಡುವೆ ಸ್ವಿಚ್ಚಿದ್ದರೆ ಅದಕ್ಕೂ ವಿಎಲ್ಎಎನ್ ಗೊತ್ತಿರಬೇಕು. ಅದರ ವೈರಿಂಗ್ ಮುಂದಿನ ವಾರ.